ಪಹಣಿಯಲ್ಲಿ ಬಗ್ ಬಂದರೆ ಯಾರ ತಲೆಗೆ?

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಬಗ್ ಸಿಕ್ಕಿತು ಅಂದ್ರೆ ಮೊದಲ ಜಗಳ ಅದನ್ನು ಸರಿಮಾಡೋರು ಯಾರು ಅನ್ನೋದು. ಕೋಡ್ ಬರೆದದ್ದು ಒಂದು ಕಂಪನಿ, ಟೆಸ್ಟ್ ಮಾಡಿದ್ದು ಇನ್ನೊಂದು, ಮಾರಿದ್ದು ಮತ್ತೊಂದು. ಈ ಜಗಳ ಐಟಿ ಪಾರ್ಕಿನ ಒಳಗಷ್ಟೇ ಇದೆ ಅಂದ್ಕೋಬೇಡಿ. ನಮ್ಮ ರಾಯಚೂರು, ದೇವದುರ್ಗ, ಮಾನ್ವಿಯ ಹೊಲಗಳವರೆಗೂ ಬಂದಿದೆ!

ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಕಂದಾಯದ ಲೆಕ್ಕ ಪಟವಾರಿಯ ಕೈಲಿತ್ತು. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಪದ್ಧತಿ ತಂತು. ಅದರ 133ನೇ ಕಲಂ ಪ್ರಕಾರ, ಹಕ್ಕು ದಾಖಲೆಯಲ್ಲಿ ಬರೆದದ್ದು ತಪ್ಪು ಅಂತ ಸಾಬೀತಾಗೋವರೆಗೂ ಅದೇ ನಿಜ. ಈ ಮಾತು ನೆನಪಿಟ್ಟುಕೊಳ್ಳಿ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸಾಫ್ಟ್‌ವೇರ್ ಎನ್‌ಐಸಿಯದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಟೈಪ್ ಮಾಡೋ ಕೆಲಸ ಖಾಸಗಿ ಏಜೆನ್ಸಿಗಳಿಗೆ, ತಾಳೆ ನೋಡೋದು ಗ್ರಾಮ ಲೆಕ್ಕಿಗರಿಗೆ. ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ರೈತನಿಗೂ ಕಾಣಲಿ ಅಂತ ಅವನ ಕಡೆಗೊಂದು ಪರದೆ ಇಟ್ಟರು. ನಿಜಕ್ಕೂ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಬರಹದ ಪಹಣಿ ಅಲ್ಲಿಗೆ ಮುಗೀತು. ಕಂಪ್ಯೂಟರಿನಲ್ಲಿ ಇದ್ದದ್ದೇ ಸತ್ಯ!

ಹಳೆ ಪುಸ್ತಕದ ತಪ್ಪುಗಳೂ ಒಳಗೆ ಹೋದವು, ಟೈಪಿಂಗಿನ ಹೊಸ ತಪ್ಪುಗಳೂ ಸೇರಿದವು. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ. 3ನೇ ಕಾಲಂನ ಒಟ್ಟು ವಿಸ್ತೀರ್ಣಕ್ಕೂ 9ನೇ ಕಾಲಂನಲ್ಲಿ ಮಾಲೀಕರ ಹೆಸರಿನ ಮುಂದಿರೋ ವಿಸ್ತೀರ್ಣಕ್ಕೂ ತಾಳೆಯೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲಾಗಲಿ, ನಾರಾಯಣಪುರ ಬಲದಂಡೆಯ ದೇವದುರ್ಗದಲ್ಲಾಗಲಿ, ನೀರು ಬಂದ ಹೊಲದಲ್ಲಿ ಹತ್ತು ಗುಂಟೆ ಅಂದ್ರೆ ಸಣ್ಣ ಮಾತಲ್ಲ. ಬ್ಯಾಂಕ್ ಸಾಲ, ಪಾಲು, ಮಾರಾಟ ಎಲ್ಲಾ ಅಲ್ಲೇ ನಿಲ್ಲುತ್ತೆ. ತಿದ್ದುಪಡಿಗೆ ಅರ್ಜಿ ಹಾಕೋದು, ಹಳೇ ದಾಖಲೆ ಹುಡುಕೋದು, ಓಡಾಡೋದು ಎಲ್ಲಾ ರೈತನದೇ. ಇಲಾಖೆ ಆಮೇಲೆ ಅದಾಲತ್ ನಡೆಸಿ ಬಹಳಷ್ಟು ತಿದ್ದಿತು ನಿಜ. ಆದರೆ ಏಜೆನ್ಸಿಯವರು ಬಿಲ್ ತಗೊಂಡು ಹೋಗಿ ಎಷ್ಟೋ ಕಾಲವಾಗಿತ್ತು.

ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ ಇನ್ನೂ ಘೋರ. ಅಲ್ಲಿನ ಹೊರೈಜನ್ ಸಾಫ್ಟ್‌ವೇರ್ ಫುಜಿತ್ಸು ಕಂಪನಿಯದು. ಲೆಕ್ಕ ತಪ್ಪಿದ್ದು ಯಂತ್ರ, ಕಳ್ಳರಾಗಿದ್ದು ಅಂಚೆ ಕಚೇರಿ ನಡೆಸ್ತಿದ್ದ ಸಾಮಾನ್ಯ ಜನ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಸಾಫ್ಟ್‌ವೇರಿನಲ್ಲೇ ದೋಷವಿತ್ತು ಅಂತ ಕೋರ್ಟು ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ರದ್ದು ಮಾಡೋಕೆ 2024ರಲ್ಲಿ ಕಾನೂನೇ ಬೇಕಾಯಿತು. ಅಲ್ಲೂ ಅದೇ ನಂಬಿಕೆ: ಕಂಪ್ಯೂಟರ್ ಹೇಳಿದ್ದು ಸರಿ, ತಪ್ಪು ಅನ್ನೋನು ಸಾಬೀತು ಮಾಡಲಿ.

ನಮ್ಮಲ್ಲಿ ದೋಷವಿರೋ ವಸ್ತುವಿನಿಂದ ಹಾನಿಯಾದರೆ ತಯಾರಿಸಿದವರ, ಮಾರಿದವರ ಹೊಣೆ ಏನು ಅಂತ ಹೇಳೋಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಅಧ್ಯಾಯವೇ ಇದೆ. ಪಹಣಿ ಅಂಗಡಿಯಲ್ಲಿ ಕೊಂಡ ಸಾಮಾನಲ್ಲ, ಸರಿ. ಆದರೆ ನ್ಯಾಯ ಬೇರೆಯೇ?

ನನ್ನ ಲೆಕ್ಕ ಇಷ್ಟೇ. ಗುತ್ತಿಗೆಗೆ ಸಹಿ ಹಾಕಿದ್ದು ಸರ್ಕಾರ ಮತ್ತು ಏಜೆನ್ಸಿ, ರೈತ ಅಲ್ಲ. ಹಾಗಾಗಿ ರೈತನಿಗೆ ಉತ್ತರ ಕೊಡಬೇಕಾದ್ದು ಸರ್ಕಾರ. ಏಜೆನ್ಸಿಯಿಂದ ವಸೂಲಿ ಮಾಡೋದು ಬಿಡೋದು ಅವರ ವ್ಯವಹಾರ. 3 ಮತ್ತು 9ನೇ ಕಾಲಂ ತಾಳೆಯಾಗದ ಪಹಣಿ ಯಾವುವು ಅಂತ ಹುಡುಕೋಕೆ ಒಂದು ಕ್ವೆರಿ ಸಾಕು ಸ್ವಾಮಿ! ಅದಕ್ಕೆ ಮಾನ್ವಿಯ ಅಜ್ಜ ಬಸ್ ಹತ್ತಿ ಬರೋವರೆಗೂ ಕಾಯಬೇಕಾ?

ನೀವೇನಂತೀರಿ?