ಬೀಓಎಸ್‌ನಿಂದ ಹೈಕುವಿನವರೆಗೆ: ಪುಟ್ಟ ಆಪರೇಟಿಂಗ್ ಸಿಸ್ಟಮ್‌ಗೊಂದು ಮುಕ್ತ ಜಾವಾ

1995ರ ಮೇ ತಿಂಗಳಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಜಾವಾವನ್ನು ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ್ಯಪಲ್‌ನ ಮಾಜಿ ಅಧಿಕಾರಿ ಜಾನ್-ಲೂಯಿ ಗ್ಯಾಸೆ ಕಟ್ಟಿದ ಬೀ ಕಂಪನಿ ತನ್ನ ಬೀಬಾಕ್ಸ್ ಯಂತ್ರವನ್ನೂ ಅದರ ಮೇಲೆ ಓಡುವ ಬೀಓಎಸ್ ಅನ್ನೂ ಜನರ ಮುಂದಿಟ್ಟಿತು. ಒಮ್ಮೆ ಬರೆದ ಪ್ರೋಗ್ರಾಮ್ ಎಲ್ಲ ಕಡೆ ಓಡಬೇಕೆಂಬುದು ಜಾವಾದ ಘೋಷಣೆ. ಆ 'ಎಲ್ಲ ಕಡೆ'ಯೊಳಗೆ ಬೀಓಎಸ್‌ನಂಥ ಪುಟ್ಟ ವ್ಯವಸ್ಥೆಗಳಿಗೆ ಜಾಗ ಸಿಗಲು ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ತಡಕ್ಕೆ ವರ್ಚುವಲ್ ಮೆಷಿನ್ ಬರೆಯಬಲ್ಲವರ ಕೊರತೆಯೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ದಾಖಲೆಗಳು ಬೇರೆಯದನ್ನೇ ಸೂಚಿಸುತ್ತವೆ ಎಂಬುದು ಈ ಲೇಖನದ ವಾದ.

ವರ್ಚುವಲ್ ಮೆಷಿನ್ ಎಂಬ ಈ ಯಂತ್ರದ ವಿಷಯವನ್ನೇ ಮೊದಲು ನೋಡೋಣ. ಟಿಮ್ ಲಿಂಡ್‌ಹೋಮ್ ಮತ್ತು ಫ್ರಾಂಕ್ ಯೆಲಿನ್ ಬರೆದ ಜಾವಾ ವರ್ಚುವಲ್ ಮೆಷಿನ್ ವಿವರಣಾ ಗ್ರಂಥ 1996ರಲ್ಲಿಯೇ ಹೊರಬಂದಿತ್ತು. ಬೈಟ್‌ಕೋಡ್‌ನ ಸುಮಾರು 200 ಆದೇಶಗಳು, ಕ್ಲಾಸ್ ಫೈಲಿನ ರಚನೆ, ಮಾನಿಟರ್‌ಗಳ ನಿಯಮ ಎಲ್ಲವೂ ಅದರಲ್ಲಿ ಬಹಿರಂಗವಾಗಿದ್ದವು. ಅದೇ ವರ್ಷ ಟಿಮ್ ವಿಲ್ಕಿನ್ಸನ್ ಕಾಫೆ ಎಂಬ ಮುಕ್ತ ಯಂತ್ರವನ್ನು ಬಿಡುಗಡೆ ಮಾಡಿದರು. ಕಾಫೆಯ ಮೂಲ ಸಂಕೇತದಲ್ಲಿ ಪ್ರೊಸೆಸರ್‌ಗೊಂದು, ಆಪರೇಟಿಂಗ್ ಸಿಸ್ಟಮ್‌ಗೊಂದು ಕಡತಕೋಶವಿತ್ತು. ಬೀಓಎಸ್‌ಗೂ ಅಲ್ಲಿ ತನ್ನದೇ ಥ್ರೆಡ್ ಪದರ ದೊರಕಿತ್ತು. ಮುಂದೆ 2003ರಲ್ಲಿ ರಾಬರ್ಟ್ ಲೌಗರ್ ಹೊರತಂದ ಜ್ಯಾಮ್‌ವಿಎಂ ಪವರ್‌ಪಿಸಿಯಲ್ಲಿ ಸುಮಾರು 200 ಕಿಲೋಬೈಟ್‌ನಷ್ಟೇ ಇತ್ತು. ಒಬ್ಬ ಸಮರ್ಥ ಪ್ರೋಗ್ರಾಮರ್ ಬಿಡುವಿನ ವೇಳೆಯಲ್ಲಿ ಯಂತ್ರವೊಂದನ್ನು ಬರೆದು ಮುಗಿಸಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಆದರೆ ಯಂತ್ರ ಸಿದ್ಧವಾದ ಮಾತ್ರಕ್ಕೆ ಜಾವಾ ಬಂದಂತಾಗದು. ಪ್ರೋಗ್ರಾಮ್ ಒಂದು ಸಾಲು ಮುದ್ರಿಸಬೇಕಾದರೂ ಸ್ಟ್ರಿಂಗ್, ಥ್ರೆಡ್, ಸ್ಟ್ರೀಮ್ ಮೊದಲಾದ ನೂರಾರು ಕ್ಲಾಸ್‌ಗಳು ಎದ್ದು ನಿಲ್ಲಬೇಕು. ಈ ಕ್ಲಾಸ್ ಲೈಬ್ರರಿ ಆಗ ಸನ್‌ನ ಸ್ವತ್ತಾಗಿತ್ತು. ಅದಕ್ಕೆ ಪರ್ಯಾಯವಾಗಿ 1998ರಲ್ಲಿ ಗ್ನೂ ಕ್ಲಾಸ್‌ಪಾತ್ ಯೋಜನೆ ಶುರುವಾಯಿತು. ಸನ್‌ನ ಸಂಕೇತವನ್ನು ಓದಿದವರು ಇಲ್ಲಿ ಕೈ ಹಾಕುವಂತಿಲ್ಲ ಎಂಬ ಮಡಿಯೊಂದು ಇತ್ತು. ಹಕ್ಕುಸ್ವಾಮ್ಯದ ದೃಷ್ಟಿಯಿಂದ ಅದು ಅಗತ್ಯವೇ, ಆದರೆ ಜಾವಾವನ್ನು ಒಳಗಿನಿಂದ ಬಲ್ಲವರನ್ನೇ ಹೊರಗಿಟ್ಟಂತಾಯಿತು. ಕ್ಲಾಸ್‌ಪಾತ್‌ನ ನಿಜವಾದ ಜಾಣತನ ಇದ್ದದ್ದು ವಿಎಂಕ್ಲಾಸ್, ವಿಎಂಥ್ರೆಡ್‌ನಂಥ ಮಧ್ಯದ ಕ್ಲಾಸ್‌ಗಳಲ್ಲಿ. ಯಂತ್ರಕ್ಕೆ ಸೇರಿದ್ದನ್ನೆಲ್ಲ ಅವುಗಳೊಳಗೆ ಕೂಡಿಸಿಟ್ಟಿದ್ದರಿಂದ ಒಂದೇ ಲೈಬ್ರರಿ ಹತ್ತಾರು ಯಂತ್ರಗಳಿಗೆ ಹೊಂದಿಕೊಳ್ಳುತ್ತಿತ್ತು. ಹೊಸ ಶತಮಾನದ ಆರಂಭದಲ್ಲಿ ಪುಟ್ಟ ವ್ಯವಸ್ಥೆಗೊಂದು ಜಾವಾ ಬೇಕೆಂದು ಯೋಜನೆ ಹಾಕಿದವರಿಗೆ ಮುಕ್ತ ದಾರಿಯೆಂದು ಇದ್ದದ್ದು ಇದೇ: ಯಾವುದಾದರೊಂದು ಮುಕ್ತ ಯಂತ್ರ, ಅದರ ಮೇಲೆ ಕ್ಲಾಸ್‌ಪಾತ್, ನಡುವೆ ತಮ್ಮ ವ್ಯವಸ್ಥೆಗೆ ತಕ್ಕ ಸಿ ಭಾಷೆಯ ಪದರ. ಕಿಟಕಿ, ಗುಂಡಿ, ಚಿತ್ರಗಳ ವಿಷಯಕ್ಕೆ ಬಂದಾಗ ಈ ದಾರಿ ಕುಂಟುತ್ತಿತ್ತು. ಕ್ಲಾಸ್‌ಪಾತ್‌ನ ಸ್ವಿಂಗ್ ಬಹುಕಾಲ ಅಪೂರ್ಣವಾಗಿಯೇ ಉಳಿಯಿತು.

ಇನ್ನೊಂದು ದಾರಿ ಸನ್‌ನ ಸಮುದಾಯ ಪರವಾನಗಿ. ಅದರಡಿ ಮೂಲ ಸಂಕೇತವನ್ನು ಓದಬಹುದಿತ್ತು, ತಿದ್ದಬಹುದಿತ್ತು. ಸಿದ್ಧ ಬೈನರಿಯನ್ನು ಹಂಚಬೇಕಾದರೆ ಮಾತ್ರ ಸನ್‌ನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಒಪ್ಪಂದಕ್ಕೆ ಬರಬೇಕಿತ್ತು. ಫ್ರೀಬಿಎಸ್‌ಡಿಯ ಬಳಕೆದಾರರು ಇದೇ ಕಾರಣಕ್ಕೆ ವರ್ಷಗಳ ಕಾಲ ಮೂಲವನ್ನು ಸ್ವತಃ ಇಳಿಸಿಕೊಂಡು, ಪ್ಯಾಚ್ ಹಾಕಿ, ತಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿಕೊಳ್ಳುತ್ತಿದ್ದರು. ಅವರ ಪರವಾಗಿ ಫ್ರೀಬಿಎಸ್‌ಡಿ ಫೌಂಡೇಶನ್ ಸನ್‌ನೊಂದಿಗೆ ಒಪ್ಪಂದ ಮಾಡಿಕೊಂಡು, ಡಯಾಬ್ಲೊ ಎಂಬ ಹೆಸರಿನಲ್ಲಿ ಬೈನರಿ ಕೊಟ್ಟಿತು. 2006ರಲ್ಲಿ ಜಾವಾ 1.5 ಹಾಗೆ ಬಂತು. ಬೀಓಎಸ್ ಪರವಾಗಿ ಸಹಿ ಹಾಕಲು ಯಾರೂ ಉಳಿದಿರಲಿಲ್ಲ. 2001ರಲ್ಲಿ ಬೀ ಕಂಪನಿಯ ಆಸ್ತಿಯನ್ನು ಪಾಮ್ ಸಂಸ್ಥೆ 1.1 ಕೋಟಿ ಡಾಲರಿಗೆ ಕೊಂಡಿತು. ಅಭಿಮಾನಿಗಳು ಅದೇ ವರ್ಷ ಓಪನ್‌ಬೀಓಎಸ್ ಎಂಬ ಹೆಸರಿನಲ್ಲಿ ಆ ವ್ಯವಸ್ಥೆಯನ್ನು ಮೊದಲಿನಿಂದ ಬರೆಯತೊಡಗಿದರು. 2004ರಲ್ಲಿ ಅದು ಹೈಕು ಆಯಿತು.

ಪರವಾನಗಿಯ ಗೋಡೆ ಇಲ್ಲದಿದ್ದರೂ ಕೆಲಸ ಸುಲಭವಿರಲಿಲ್ಲ. ಬೀಓಎಸ್‌ನ ಸ್ವಭಾವವೂ ಜಾವಾ ನಿರೀಕ್ಷಿಸುವ ಯುನಿಕ್ಸ್ ಸ್ವಭಾವವೂ ಎಲ್ಲೆಲ್ಲಿ ಘರ್ಷಿಸುತ್ತಿದ್ದವು ಎಂಬುದನ್ನು ಗಮನಿಸದೆ ಈ ಚರಿತ್ರೆ ಅರ್ಥವಾಗದು. ಬೀಓಎಸ್ ಥ್ರೆಡ್‌ಗಳಿಗೇ ಹೆಸರಾದ ವ್ಯವಸ್ಥೆ, ಆದರೆ ಪೋಸಿಕ್ಸ್ ಥ್ರೆಡ್‌ಗಳು ಅದರಲ್ಲಿರಲಿಲ್ಲ. ಇದ್ದದ್ದು ಅದರದೇ ಥ್ರೆಡ್ ಕರೆಗಳು ಮತ್ತು ಸೆಮಫೋರ್. ಜಾವಾದ ವೇಟ್, ನೋಟಿಫೈ ಬಯಸುವುದು ಕಂಡೀಶನ್ ವೇರಿಯಬಲ್‌ಗಳನ್ನು. ಅವನ್ನು ಸೆಮಫೋರ್‌ಗಳಿಂದ ಕಟ್ಟುವಾಗ ಎಚ್ಚರ ತಪ್ಪಿದರೆ ಎಬ್ಬಿಸುವ ಸಂಕೇತ ಕಳೆದುಹೋಗಿ ಥ್ರೆಡ್ ಶಾಶ್ವತವಾಗಿ ಮಲಗಿಬಿಡುತ್ತದೆ. ನೆನಪಿನ ನಿರ್ವಹಣೆಯಲ್ಲೂ ಇಂಥದೇ ತೊಡಕು. ಸನ್‌ನ ಹಾಟ್‌ಸ್ಪಾಟ್ ಯಂತ್ರ ದೊಡ್ಡ ವಿಳಾಸಪ್ರದೇಶವನ್ನು ಮೊದಲು ಕಾದಿರಿಸಿ, ಬೇಕಾದಾಗ ತುಂಡು ತುಂಡಾಗಿ ನಿಜವಾದ ನೆನಪನ್ನು ತುಂಬಿಕೊಳ್ಳುತ್ತದೆ. ಬೀಓಎಸ್‌ನಲ್ಲಿ ಎಂಮ್ಯಾಪ್ ಕರೆಯೇ ಇರಲಿಲ್ಲ. ಅದರ 'ಏರಿಯಾ'ಗಳು ಬೇರೊಂದು ಲೆಕ್ಕದವು. ನೆಟ್‌ವರ್ಕ್ ಸಾಕೆಟನ್ನು ಆ ವ್ಯವಸ್ಥೆಯಲ್ಲಿ ಕಡತದಂತೆ ಓದಲು ಬರುತ್ತಿರಲಿಲ್ಲ, ಅದನ್ನು ಮುಚ್ಚಲೂ ಪ್ರತ್ಯೇಕ ಕರೆ ಬೇಕಿತ್ತು.

ಎಲ್ಲವೂ ಅಡ್ಡಿಯೇ ಆಗಿತ್ತೆನ್ನುವುದು ತಪ್ಪಾದೀತು. ಗಾರ್ಬೇಜ್ ಕಲೆಕ್ಟರ್‌ಗೆ ಪ್ರತಿ ಥ್ರೆಡ್‌ನ ಸ್ಟ್ಯಾಕ್ ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಯಬೇಕು. ಹಲವು ಯುನಿಕ್ಸ್‌ಗಳಲ್ಲಿ ಇದಕ್ಕೆ ಕಸರತ್ತು ಮಾಡಬೇಕಾಗುತ್ತಿತ್ತು. ಬೀಓಎಸ್ ಕೇಳಿದ ಕೂಡಲೇ ಎರಡೂ ತುದಿಗಳನ್ನು ಹೇಳುತ್ತಿತ್ತು.

ಕಿಟಕಿಗಳ ಕಥೆ ಇನ್ನೂ ಸೂಕ್ಷ್ಮ. ಬೀಓಎಸ್‌ನಲ್ಲಿ ಪ್ರತಿ ಕಿಟಕಿಗೂ ಸ್ವಂತ ಥ್ರೆಡ್, ಸ್ವಂತ ಬೀಗ. ಜಾವಾದ ಎಡಬ್ಲ್ಯುಟಿಯಲ್ಲಿ ಘಟನೆಗಳನ್ನೆಲ್ಲ ಹಂಚುವುದು ಒಂದೇ ಥ್ರೆಡ್, ಅದಕ್ಕೆ ಇನ್ನೊಂದು ಬೀಗ. ಕಿಟಕಿಯ ಥ್ರೆಡ್ ತನ್ನ ಬೀಗ ಹಿಡಿದು ಜಾವಾದ ಬೀಗಕ್ಕೆ ಕಾಯುವಾಗಲೇ, ಜಾವಾದ ಥ್ರೆಡ್ ತನ್ನ ಬೀಗ ಹಿಡಿದು ಕಿಟಕಿಯದಕ್ಕೆ ಕಾದರೆ ಎರಡೂ ಅಲ್ಲೇ ನಿಂತವು. ಕಿಟಕಿಯ ಥ್ರೆಡ್ ಸಂದೇಶವನ್ನು ಸಾಲಿಗೆ ಸೇರಿಸಿ ತಕ್ಷಣ ಹಿಂದಿರುಗಬೇಕು, ಜಾವಾಕ್ಕಾಗಿ ಎಂದೂ ಕಾಯಬಾರದು, ಬೇರೆ ಪರಿಹಾರವಿಲ್ಲ.

ಇಷ್ಟೆಲ್ಲ ಲೆಕ್ಕಾಚಾರವನ್ನು 2006ರ ನವೆಂಬರ್ 13 ಬುಡಮೇಲು ಮಾಡಿತು. ಅಂದು ಸನ್ ಹಾಟ್‌ಸ್ಪಾಟ್ ಮತ್ತು ಜಾವಾ ಕಂಪೈಲರನ್ನು ಜಿಪಿಎಲ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. 2007ರ ಮೇನಲ್ಲಿ ಕ್ಲಾಸ್ ಲೈಬ್ರರಿಯೂ ಬಂತು; ಈ ಮುಕ್ತ ಜಾವಾದ ಹೆಸರು ಓಪನ್‌ಜೆಡಿಕೆ. ಬೇರೆಯವರ ಹಕ್ಕಿಗೆ ಸೇರಿದ ಅಕ್ಷರರೂಪ, ಬಣ್ಣನಿರ್ವಹಣೆ, ಧ್ವನಿಯ ಭಾಗಗಳು ಮಾತ್ರ ಹೊರಗುಳಿದವು. ರೆಡ್ ಹ್ಯಾಟ್‌ನ ಐಸ್ಡ್‌ಟೀ ಯೋಜನೆ ಕ್ಲಾಸ್‌ಪಾತ್‌ನ ನೆರವಿನಿಂದಲೇ ಆ ಕಂಡಿಗಳನ್ನು ಮುಚ್ಚತೊಡಗಿತು. ಗ್ಯಾರಿ ಬೆನ್ಸನ್ ಬರೆದ ಝೀರೊ, ಅಸೆಂಬ್ಲಿ ಭಾಷೆಯ ಹಂಗಿಲ್ಲದೆ ಹಾಟ್‌ಸ್ಪಾಟನ್ನು ಹೊಸ ಪ್ರೊಸೆಸರ್‌ಗೆ ಒಯ್ಯುವುದನ್ನು ಸಾಧ್ಯವಾಗಿಸಿತು. 2005ರಲ್ಲಿ ಹುಟ್ಟಿದ್ದ ಇನ್ನೊಂದು ಮುಕ್ತ ಜಾವಾ ಯೋಜನೆ ಅಪಾಚೆ ಹಾರ್ಮನಿ, ಸನ್‌ನ ಪರೀಕ್ಷಾ ಪರವಾನಗಿಯ ಜಗಳದಲ್ಲಿ ಸೊರಗಿ 2011ರಲ್ಲಿ ನಿಂತಿತು.

ಅಲ್ಲಿಂದಾಚೆಗೆ ಹೊಸ ಯಂತ್ರ ಬರೆಯುವ ಮಾತು ಅಪರೂಪವಾಯಿತು. ಇರುವುದನ್ನು ಪೋರ್ಟ್ ಮಾಡುವುದೇ ಯೋಜನೆಯಾಯಿತು. ಹೈಕುವಿಗೆ ಉಳಿದಿದ್ದ ದೊಡ್ಡ ಅಡ್ಡಿ ಅದರ ನಿಷ್ಠೆಯೇ. ಬೀಓಎಸ್‌ನ ಹಳೆಯ ಬೈನರಿಗಳು ಓಡಲೆಂದು ಅದು ಜಿಸಿಸಿ 2.95ನ್ನು ಬಿಡದೆ ಹಿಡಿದಿತ್ತು, ಹಾಟ್‌ಸ್ಪಾಟ್‌ನ ಸಿ ಪ್ಲಸ್ ಪ್ಲಸ್‌ಗೆ ಆ ಕಂಪೈಲರ್ ಸಾಲದು. ಎರಡು ಕಂಪೈಲರ್‌ಗಳ ಲೈಬ್ರರಿಗಳನ್ನು ಒಟ್ಟಿಗಿಡುವ ಮಿಶ್ರ ವ್ಯವಸ್ಥೆ ಅದಕ್ಕೆ ದಾರಿ ಮಾಡಿತು. 2012ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ವಿದ್ಯಾರ್ಥಿಯೊಬ್ಬರು ಓಪನ್‌ಜೆಡಿಕೆಯನ್ನು ಹೈಕುವಿಗೆ ಒಯ್ಯುವ ಕೆಲಸ ಕೈಗೆತ್ತಿಕೊಂಡರು.

ಹಳೆಯ ಮುಕ್ತ ಯಂತ್ರಗಳು ವ್ಯರ್ಥವಾದವೆಂದು ತಿಳಿಯಬೇಕಾಗಿಲ್ಲ. ಜಾವಾ ಕಂಪೈಲರ್ ಜಾವಾದಲ್ಲೇ ಬರೆದದ್ದು, ಹೀಗಾಗಿ ಜಾವಾ ಇಲ್ಲದ ಕಡೆ ಜಾವಾ ಕಟ್ಟುವುದು ಹೇಗೆಂಬ ಸಮಸ್ಯೆ ಎಂದಿನದು. ಗ್ನೂ ಗೀಕ್ಸ್ ವಿತರಣೆಯವರು ಸಿ ಪ್ಲಸ್ ಪ್ಲಸ್‌ನಲ್ಲಿರುವ ಜೈಕ್ಸ್ ಕಂಪೈಲರ್, ಕ್ಲಾಸ್‌ಪಾತ್, ಜ್ಯಾಮ್‌ವಿಎಂಗಳನ್ನು ಮೆಟ್ಟಿಲುಗಳಾಗಿಸಿ ಓಪನ್‌ಜೆಡಿಕೆಯನ್ನು ಮೂಲ ಸಂಕೇತದಿಂದಲೇ ಕಟ್ಟುತ್ತಾರೆ.

ಕಾಫೆ ಬೀಓಎಸ್ ಮುಟ್ಟಿದ್ದು ಯಂತ್ರವನ್ನು ಬಗ್ಗಿಸಿ. ಓಪನ್‌ಜೆಡಿಕೆ ಹೈಕು ಮುಟ್ಟಿದ್ದು ವ್ಯವಸ್ಥೆಯೇ ಬಗ್ಗಿದ ಮೇಲೆ: ಪೋಸಿಕ್ಸ್ ಥ್ರೆಡ್, ಎಂಮ್ಯಾಪ್, ಕಡತದಂತೆ ವರ್ತಿಸುವ ಸಾಕೆಟ್, ಇವನ್ನೆಲ್ಲ ಹೈಕು ಅಷ್ಟರಲ್ಲಿ ಒಳಗೆ ಮಾಡಿಕೊಂಡಿತ್ತು. ಆದ್ದರಿಂದ ಹೈಕುವಿನ ಜಾವಾ ಚರಿತ್ರೆಯನ್ನು ಬರೆಯುವವರು ವರ್ಚುವಲ್ ಮೆಷಿನ್‌ಗಳ ಪಟ್ಟಿಗಿಂತ ಮೊದಲು ಹೈಕುವಿನ ಕರ್ನೆಲ್ ಮತ್ತು ಪೋಸಿಕ್ಸ್ ಪದರದ ಬದಲಾವಣೆಗಳ ದಾಖಲೆಯನ್ನೂ, ಸನ್‌ನ ಪರವಾನಗಿಗಳನ್ನೂ ಓದಬೇಕು.