ಮಹಾವೀರಾಚಾರ್ಯರ ಸಂಖ್ಯಾಹಾರ

12345654321. ಹನ್ನೊಂದು ಅಂಕಿಗಳ ಈ ಸಂಖ್ಯೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಓದುವುದಾದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಅಂಕಿಗಳು ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆ ಒಂದೇ. ಕನ್ನಡ ನಾಡಿನ ಗಣಿತ ಚರಿತ್ರೆಯಲ್ಲಿ ಇದಕ್ಕೊಂದು ವಿಶೇಷ ಸ್ಥಾನವಿದೆ.

ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಆರ್ಯಭಟ, ಬ್ರಹ್ಮಗುಪ್ತರ ಕೃತಿಗಳಲ್ಲಿ ಗಣಿತವು ಖಗೋಳ ಶಾಸ್ತ್ರದ ಜೊತೆಯಲ್ಲಿ ಬರುತ್ತದೆ. ಈ ಗ್ರಂಥವಾದರೋ ಗಣಿತಕ್ಕೇ ಮೀಸಲು. ಇದರಲ್ಲಿ 24 ಸ್ಥಾನಗಳವರೆಗೆ ಸಂಖ್ಯಾಸ್ಥಾನಗಳ ಹೆಸರುಗಳಿವೆ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಇದನ್ನು ಮದ್ರಾಸಿನಿಂದ ಪ್ರಕಟಿಸಿದರು.

ಗುಣಾಕಾರದ ಭಾಗದಲ್ಲಿ ಮಹಾವೀರರು ಕೆಲವು ಸೊಗಸಾದ ಲೆಕ್ಕಗಳನ್ನು ಕೊಡುತ್ತಾರೆ. ಗುಣಲಬ್ಧದ ಅಂಕಿಗಳು ಹಾರದ ಮಣಿಗಳಂತೆ ಎರಡೂ ಕಡೆ ಸಮನಾಗಿ ಜೋಡಣೆಯಾಗುವುದರಿಂದ ಅವನ್ನು ಕೊರಳಿನ ಆಭರಣಕ್ಕೆ ಹೋಲಿಸುತ್ತಾರೆ. ಅವುಗಳಲ್ಲಿ ಒಂದು:

27994681 × 441 = 12345654321

‘ಒಂದರಿಂದ ಮೊದಲಾಗಿ ಆರರವರೆಗೆ, ಅನಂತರ ಕ್ರಮವಾಗಿ ಇಳಿಯುವುದು’ ಎಂಬುದು ಈ ಸಂಖ್ಯೆಗೆ ಅವರು ಕೊಟ್ಟ ವರ್ಣನೆ.

ಈ ಹಾರದ ಗುಟ್ಟೇನು? 111111 ಅನ್ನು ಅದರಿಂದಲೇ ಗುಣಿಸಿ ನೋಡಿ. ಆರು ಸಾಲುಗಳು ಬರುತ್ತವೆ. ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಕಂಬಸಾಲುಗಳಲ್ಲಿ ಕ್ರಮವಾಗಿ 1, 2, 3, 4, 5, 6, ಮತ್ತೆ 5, 4, 3, 2, 1 ಒಂದುಗಳಿರುತ್ತವೆ. ಎಲ್ಲಿಯೂ ದಶಕ ಮುಂದಿನ ಸ್ಥಾನಕ್ಕೆ ಹೋಗುವುದಿಲ್ಲ. ಆದ್ದರಿಂದ ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತು ಒಂದುಗಳಾದರೆ ನಡುವಿನ ಮೊತ್ತ 10 ಆಗಿ ದಶಕ ಸೇರಿಕೊಳ್ಳುತ್ತದೆ. ವರ್ಗವು 1234567900987654321 ಆಗಿ ಹಾರ ಹರಿಯುತ್ತದೆ.

ಇನ್ನು ಅಪವರ್ತನಗಳನ್ನು ನೋಡೋಣ. 111111 = 3 × 7 × 11 × 13 × 37. ನಮ್ಮ ಸಂಖ್ಯೆ ಇದರ ವರ್ಗವಾದ್ದರಿಂದ ಐದು ಅವಿಭಾಜ್ಯಗಳೂ ಎರಡೆರಡು ಬಾರಿ ಬರುತ್ತವೆ. ಅದಕ್ಕೆ ಒಟ್ಟು 3 × 3 × 3 × 3 × 3 = 243 ಭಾಜಕಗಳಿವೆ. ಮಹಾವೀರರ 441 ಎಂದರೆ 3 × 7ರ ವರ್ಗ. 27994681 ಎಂದರೆ 11 × 13 × 37, ಅರ್ಥಾತ್ 5291ರ ವರ್ಗ.

ಅವರು 12321 × 1002001 ಎಂದೂ ಕೇಳಬಹುದಿತ್ತು. ಇವು 111 ಮತ್ತು 1001ರ ವರ್ಗಗಳು, ಉತ್ತರ ಅದೇ. ಆದರೆ ಈ ಎರಡೂ ಸಂಖ್ಯೆಗಳು ತಾವೇ ಹಾರಗಳು. ಉತ್ತರದ ಸುಳಿವನ್ನು ಮೊದಲೇ ಕೊಟ್ಟುಬಿಡುತ್ತವೆ. 27994681 ಆಗಲಿ 441 ಆಗಲಿ ಅಂಥ ಸುಳಿವು ಕೊಡುವುದಿಲ್ಲ. ಅಪವರ್ತನಗಳನ್ನು ಬಲ್ಲವರು ಬೇಕೆಂದೇ ಗುಟ್ಟನ್ನು ಮರೆಮಾಡಿದಂತಿದೆ.

ಇದರಿಂದ ಕಲಿಯುವವನಿಗೊಂದು ಲಾಭವೂ ಇದೆ. ಗುಣಾಕಾರದಲ್ಲಿ ಎಲ್ಲೋ ಒಂದು ದಶಕ ಮರೆತರೆ ಹಾರದ ಮಣಿ ತಪ್ಪುತ್ತದೆ. ಉತ್ತರ ಸರಿಯೇ ಎಂದು ಗುರುವನ್ನು ಕೇಳಬೇಕಾಗಿಲ್ಲ, ಸಂಖ್ಯೆಯೇ ಹೇಳುತ್ತದೆ. ಅಂದರೆ ಇದು ಬರಿಯ ಚಮತ್ಕಾರವಲ್ಲ, ಒಳ್ಳೆಯ ಪಾಠ.

ಇದಕ್ಕೆ ಯಾವ ಉಪಕರಣವೂ ಬೇಡ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿಯ ಶಾಲೆಯಾದರೂ ಸರಿ, ಕಪ್ಪುಹಲಗೆ ಮತ್ತು ಸೀಮೆಸುಣ್ಣ ಸಾಕು. ಶಿಕ್ಷಕರು ಉತ್ತರವನ್ನು ಮೊದಲೇ ಹೇಳದೆ 27994681 × 441 ಎಂದಷ್ಟೇ ಬರೆದು ಮಕ್ಕಳಿಗೆ ಬಿಡಲಿ. ಹಾರ ಮೂಡಿದ ಮೇಲೆ ‘ಏಕೆ ಹೀಗಾಯಿತು?’ ಎಂದು ಕೇಳಲಿ. ನಿಜವಾದ ಗಣಿತ ಆರಂಭವಾಗುವುದು ಆ ಪ್ರಶ್ನೆಯಿಂದ.