ಶಿವಾಜಿನಗರದ ಆ ಚರ್ಚ್ ಯಾರದು?

ಶಿಗ್ಗಾಂವದಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದವರು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ ನೋಡಿರ್ತೀರಿ. ಅದನ್ನು ಶುರು ಮಾಡಿದವರೂ ಹೊಟ್ಟೆಪಾಡಿಗೆ ವಲಸೆ ಬಂದವರೇ. ತಮಿಳುನಾಡಿನ ಸೆಂಜಿ ಕಡೆಯ ಕ್ರೈಸ್ತರು. ಅವರು ಬೆಳೆದ ಬಿಳಿ ಅಕ್ಕಿಯಿಂದಲೇ ಊರಿಗೆ ‘ಬಿಳಿ ಅಕ್ಕಿ ಪಳ್ಳಿ’ ಅನ್ನೋ ಹೆಸರು ಬಂತು, ಮುಂದೆ ಅದೇ ಬ್ಲ್ಯಾಕ್‌ಪಳ್ಳಿ ಆಯ್ತು ಅಂತಾರೆ.

1818ರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅಲ್ಲಿ ಹುಲ್ಲಿನ ಚಾವಣಿಯ ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಈಗಿನ ಗಾಥಿಕ್ ಕಟ್ಟಡ 1882ರದು. ಇವತ್ತು ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪೂಜೆ ನಡೆಯುತ್ತೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಸೀರೆ ಉಟ್ಟ ಮೇರಿಯಮ್ಮನ ತೇರು ಹೊರಟರೆ ಬೇರೆ ಧರ್ಮದವರೂ ಬರ್ತಾರೆ.

ಪೂಜೆ ಯಾವ ಭಾಷೇಲಿ ಆಗಬೇಕು ಅಂತ ಬೆಂಗಳೂರಿನ ಕ್ಯಾಥೊಲಿಕರಲ್ಲಿ ಜಗಳಗಳೂ ಆಗಿವೆ. ಕನ್ನಡಿಗ ಕ್ರೈಸ್ತರು ತಮ್ಮ ಭಾಷೆಗೆ ಜಾಗ ಕೇಳಿದ್ದು ನ್ಯಾಯವೇ. ಆದರೆ ವಲಸೆ ಬಂದವರು ಕಟ್ಟಿದ ಚರ್ಚಿಗೆ ಒಂದೇ ಭಾಷೆಯ ಗುರುತು ಸಾಲದು. ಅಲ್ಲಿ ಯಾರೂ ಎದ್ದು ಹೋಗದೆಯೂ ಇನ್ನೊಬ್ಬರಿಗೆ ಜಾಗ ಆಗಬೇಕು.